ಇನ್ಸುಲಿನ್ ಡೋಸ್ ತಪ್ಪಿತು, ಈಗ ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ

ಹೊಸ ಸಿಸ್ಟರ್:
ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಹೋದ ವಾರ ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜನಿಗೆ ಊಟಕ್ಕೆ ಮುಂಚೆ 12 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಮನೆಯವರು ತಂದ ಬಾಟಲಿ 100ರದ್ದು, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್. ಟ್ರಾಲಿಯಲ್ಲಿದ್ದದ್ದು ಕೆಂಪು ಕ್ಯಾಪಿನ 40ರ ಸಿರಿಂಜ್, ಅದರ ಗೆರೆಗಳು ಒಂದು ಎಂಎಲ್‌ಗೆ 40 ಯೂನಿಟ್ ಲೆಕ್ಕದವು. ನಾನು ಲೇಬಲ್ ನೋಡಲೇ ಇಲ್ಲ, 12ರ ಗೆರೆಗೆ ಎಳೆದು ಕೊಟ್ಟುಬಿಟ್ಟೆ. ಒಳಗೆ ಹೋಗಿದ್ದು 30 ಯೂನಿಟ್. ಸ್ವಲ್ಪ ಹೊತ್ತಿಗೆ ಅಜ್ಜ ಬೆವರಿ ಒದ್ದೆಯಾಗಿದ್ದರು, ಮಾತು ತೊದಲುತ್ತಿತ್ತು, ಶುಗರ್ 44ಕ್ಕೆ ಇಳಿದಿತ್ತು. ಆಗಲೇ ಬಾಟಲಿ ತಿರುಗಿಸಿ ನೋಡಿದ್ದು. ಡ್ಯೂಟಿ ಡಾಕ್ಟರಿಗೆ ಎರಡನ್ನೂ ತೋರಿಸಿ ಹೇಳಿದೆ. 25% ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟರು, ಬೆಳಗಿನವರೆಗೆ ಶುಗರ್ ನೋಡುತ್ತಲೇ ಇದ್ದೆವು. ಅಜ್ಜ ಆರಾಮಾಗಿ ಮನೆಗೆ ಹೋದರು. ನನಗೆ ಮಾತ್ರ ನಿದ್ದೆ ಇಲ್ಲ. ಈ ಕೆಲಸ ಬಿಟ್ಟುಬಿಡಲಾ?

ಹಳೇ ವಾರ್ಡ್ ಇನ್‌ಚಾರ್ಜ್:
ಬಿಡಬೇಡ ಕಣಮ್ಮಾ. ನೀನು ತಕ್ಷಣ ಬಾಯಿಬಿಟ್ಟು ಹೇಳಿದ್ದರಿಂದಲೇ ಬೆಳಗಿನವರೆಗೆ ನೋಡಬೇಕು ಅಂತ ಡಾಕ್ಟರಿಗೆ ಗೊತ್ತಾಯಿತು. ಸುಮ್ಮನಿದ್ದಿದ್ದರೆ ಒಂದು ಡೆಕ್ಸ್ಟ್ರೋಸ್ ಕೊಟ್ಟು ಮಲಗಿಸುತ್ತಿದ್ದರು, ಶುಗರ್ ಮತ್ತೆ ಇಳಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನೂ ಹೊಸದರಲ್ಲಿ ಬೇರೆ ಬೆಡ್‌ನವರ ಇಂಜೆಕ್ಷನ್ ಕೊಟ್ಟಿದ್ದೆ, ಆಗ ಬೈದವರು ತುಂಬಾ ಜನ, ಪಕ್ಕದಲ್ಲಿ ಕೂತವರು ಒಬ್ಬರೇ. ಇನ್ನೆರಡು ವಾರ ಇನ್ಸುಲಿನ್ ಎಳೆಯುವಾಗ ಇನ್ನೊಬ್ಬ ಸಿಸ್ಟರ್ ಹತ್ತಿರ ಇರಲಿ. ಬಾಟಲಿ ಮೇಲಿನ ನಂಬರ್, ಸಿರಿಂಜ್ ಮೇಲಿನ ನಂಬರ್, ಎರಡನ್ನೂ ಜೋರಾಗಿ ಓದು. ಆಗ ಯಾರು ಕರೆದರೂ, ಫೋನ್ ಬಂದರೂ ತಿರುಗಬೇಡ.

ಮೆಡಿಸಿನ್ ಡಾಕ್ಟರ್:
ಸಿಸ್ಟರ್, ಹೀಗೆ ತಪ್ಪಾದ ಮೇಲೆ ಕುಗ್ಗಿಹೋಗುವ ಡಾಕ್ಟರು, ನರ್ಸುಗಳನ್ನು ಆಲ್ಬರ್ಟ್ ವೂ ಎಂಬ ವೈದ್ಯರು 2000ರಲ್ಲೇ ‘ಎರಡನೇ ಬಲಿಪಶು’ ಅಂತ ಕರೆದರು. ನೀವೊಬ್ಬರೇ ಅಲ್ಲ. ನಿದ್ದೆ ಇಲ್ಲದಿರುವುದು ಹೀಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಮಾತು, ಅಜ್ಜನ ಮನೆಯವರಿಗೆ ನಿಜ ಹೇಳಿದಿರಾ? ಹೇಳಿಲ್ಲದಿದ್ದರೆ ಡಾಕ್ಟರನ್ನು ಜೊತೆಗಿಟ್ಟುಕೊಂಡು ಈಗಲಾದರೂ ಹೇಳಿ. ಅದು ಅವರ ಹಕ್ಕು. ಮನೆಯಲ್ಲಿ ಅವರೂ ಅದೇ ಬಾಟಲಿಯಿಂದ ಕೊಡುತ್ತಾರೆ ಅಲ್ವಾ, ಯಾವ ಸಿರಿಂಜಿನಲ್ಲಿ ಅಂತ ಕೇಳಿದಿರಾ?

ಫಾರ್ಮಸಿಯವನು:
ಡಾಕ್ಟರ್ ಹೇಳಿದ ಕೊನೆಯ ಮಾತು ತುಂಬಾ ಮುಖ್ಯ. 40ಕ್ಕೆ ಕೆಂಪು ಕ್ಯಾಪ್, 100ಕ್ಕೆ ಕಿತ್ತಳೆ ಕ್ಯಾಪ್, ಆದರೆ ಮಂದ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಬಣ್ಣ ನಂಬಬೇಡಿ, ನಂಬರ್ ಓದಿ. ವಾರ್ಡಿನಲ್ಲಿ ಎರಡು ಥರದ್ದನ್ನೂ ಒಂದೇ ಟ್ರೇಯಲ್ಲಿ ಇಟ್ಟರೆ ಇವತ್ತು ನೀವು, ನಾಳೆ ಇನ್ನೊಬ್ಬರು. ಸಾಧ್ಯವಾದರೆ ಒಂದೇ ಥರ ಇಡಲು ಹೇಳಿ. ಡಾಕ್ಟರುಗಳಿಗೂ ಒಂದು ಮನವಿ, ಚೀಟಿಯಲ್ಲಿ ‘ಯೂನಿಟ್’ ಅಂತ ಪೂರ್ತಿ ಬರೆಯಿರಿ. ಬರೀ ‘ಯು’ ಅಕ್ಷರ ಇಂಗ್ಲಿಷಿನಲ್ಲಿ ಗೀಚಿದರೆ ಸೊನ್ನೆಯಂತೆ ಕಾಣುತ್ತದೆ, 10 ಹೋಗಿ 100 ಆಗುತ್ತದೆ.

ಹೊಸ ಸಿಸ್ಟರ್:
ಮನೆಯವರಿಗೆ ಹೇಳಿರಲಿಲ್ಲ. ಇವತ್ತು ಡಾಕ್ಟರ್ ಜೊತೆ ಕೂತು ಫೋನ್ ಮಾಡಿ ಹೇಳಿದೆ, ಅತ್ತುಬಿಟ್ಟೆ. ಅಜ್ಜನ ಮಗಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮನೆಯಲ್ಲಿದ್ದ ಸಿರಿಂಜ್ ತಂದು ನೋಡಿದರು. ಅದೂ ಕೆಂಪು ಕ್ಯಾಪಿನದ್ದೇ.