ಆಲಿಗಾರ್ಕಿಗೆ ‘ಧಣಿಗಳ ದರ್ಬಾರು’ ಅನ್ನಬಹುದಾ? ಜೊತೆಗೆ ಗ್ರ್ಯಾಚುಟಿ, ಅಫೋರ್ಡಬಿಲಿಟಿ

ಎಲ್ಲರಿಗೂ ನಮಸ್ಕಾರ,

ಅಮೆರಿಕದ ರಾಜಕೀಯದ ಬಗ್ಗೆ ಒಂದಷ್ಟು ಲೇಖನಗಳನ್ನ ಕನ್ನಡಕ್ಕೆ ತರೋ ಕೆಲಸ ಒಪ್ಕೊಂಡಿದೀನಿ, ಮೂರ್ನಾಲ್ಕು ಪದಗಳ ಹತ್ರ ಗಾಡಿ ನಿಂತುಬಿಟ್ಟಿದೆ. ನಿಘಂಟಲ್ಲಿ ಅರ್ಥ ಸಿಗುತ್ತೆ, ಅದಲ್ಲ ತೊಂದರೆ, ಅಲ್ಲಿ ವಿರೋಧ ಪಕ್ಷದವರು, ಅಂದ್ರೆ ಡೆಮಾಕ್ರಾಟರು, ಆ ಪದಗಳನ್ನ ಯಾಕೆ ಆರಿಸ್ಕೊಂಡ್ರು, ಜನಕ್ಕೆ ಅದು ಹೇಗೆ ಕೇಳಿಸ್ತು ಅನ್ನೋದು ಕನ್ನಡದ ಪದದಲ್ಲೂ ಉಳೀಬೇಕು ಅಂತ ನನ್ನಾಸೆ. ಗೊತ್ತಿರೋರು ಹೇಳಿ.

ಮೊದಲನೇದು ಆಲಿಗಾರ್ಕಿ, ಅಂದ್ರೆ ಬೆರಳೆಣಿಕೆಯ ಸಿರಿವಂತರು ಅಧಿಕಾರ ಹಿಡಿದು ಆಳೋದು. 2025ರ ಜನವರಿ 15ರಂದು ಬೈಡನ್ ತಮ್ಮ ಬೀಳ್ಕೊಡುಗೆ ಭಾಷಣದಲ್ಲಿ ಅಮೆರಿಕದಲ್ಲಿ ಆಲಿಗಾರ್ಕಿ ತಲೆ ಎತ್ತುತಾ ಇದೆ ಅಂತ ಎಚ್ಚರಿಸಿದ್ರು. ಐದು ದಿನ ಬಿಟ್ಟು ಟ್ರಂಪ್ ಪ್ರಮಾಣವಚನ ತಗೊಂಡಾಗ ಮಸ್ಕ್, ಬೆಜೋಸ್, ಝುಕರ್‌ಬರ್ಗ್ ಮಂತ್ರಿ ಆಗೋರಿಗಿಂತ ಮುಂದಿನ ಸಾಲಲ್ಲಿ ಕೂತಿದ್ದನ್ನ ಟೀವೀಲಿ ಎಲ್ಲರೂ ನೋಡಿದ್ರು. 2024ರ ಚುನಾವಣೇಲಿ ಮಸ್ಕ್ ಒಬ್ರೇ 25 ಕೋಟಿ ಡಾಲರ್‌ಗೂ ಜಾಸ್ತಿ ಸುರಿದಿದ್ರು, ಅದೇನೂ ಕದ್ದುಮುಚ್ಚಿ ಅಲ್ಲ, ಅಲ್ಲಿನ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಬಂದ್ಮೇಲೆ ಅಭ್ಯರ್ಥಿ ಕೈಗೆ ನೇರವಾಗಿ ಕೊಡದೆ ಹೊರಗಿಂದ ಖರ್ಚು ಮಾಡೋದಕ್ಕೆ ಮಿತಿನೇ ಇಲ್ಲ. ವರ್ಮಾಂಟ್ ಸೆನೆಟರ್ ಬರ್ನಿ ಸ್ಯಾಂಡರ್ಸ್ ಈ ಆಲಿಗಾರ್ಕಿ ಪದವನ್ನೇ ಹಿಡ್ಕೊಂಡು ಊರೂರು ಸುತ್ತಿದ್ರು, ಜೊತೆಗೆ ನ್ಯೂಯಾರ್ಕಿನ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಡೆನ್ವರ್ ಸಭೆಗೆ 30 ಸಾವಿರದ ಮೇಲೆ ಜನ ಸೇರಿದ್ರು ಅಂತ ಸಂಘಟಕರ ಲೆಕ್ಕ.

ಇಲ್ಲೇ ನಮ್ಮಂಥೋರಿಗೆ ಕುತೂಹಲ ಹುಟ್ಟಿಸೋ ಜಗಳ ಒಂದು ಶುರುವಾಗಿದ್ದು. ಮಿಷಿಗನ್ ಸೆನೆಟರ್ ಎಲಿಸಾ ಸ್ಲಾಟ್ಕಿನ್, ಅವರೂ ಡೆಮಾಕ್ರಾಟೇ, ಆಲಿಗಾರ್ಕಿ ಅನ್ನೋದು ಎರಡು ಕರಾವಳಿಯ ಓದಿದೋರ ಪದ, ಒಳನಾಡಿನ ಜನಕ್ಕೆ ತಟ್ಟಲ್ಲ, ಅದನ್ನ ಬಿಟ್ಟು ನಮಗೆ ರಾಜರು ಬೇಡ ಅನ್ನೋಣ ಅಂದ್ರು. ಸ್ಯಾಂಡರ್ಸ್‌ಗೆ ಸಿಟ್ಟು ಬಂತು, ಜನ ನೀವು ಅಂದ್ಕೊಂಡಷ್ಟು ದಡ್ಡರಲ್ಲ ಅನ್ನೋ ಧಾಟೀಲಿ ಉತ್ತರ ಕೊಟ್ರು. ಕೊನೆಗೆ ಎರಡೂ ಪದ ನಡೀತು, 2025ರ ಜೂನ್ 14ಕ್ಕೆ ಒಂದ್ಸಲ ಅಕ್ಟೋಬರ್ 18ಕ್ಕೆ ಇನ್ನೊಂದ್ಸಲ ‘ನೋ ಕಿಂಗ್ಸ್’ ಅಂತ ಬೋರ್ಡು ಹಿಡ್ಕೊಂಡು ದೇಶದ ತುಂಬ ಲಕ್ಷಾಂತರ ಜನ ಬೀದಿಗಿಳಿದ್ರು.

ಈಗ ಕನ್ನಡಕ್ಕೆ ಬನ್ನಿ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಇದು ‘ಅಲ್ಪಜನಾಧಿಪತ್ಯ’. ಸ್ಲಾಟ್ಕಿನ್ ತಕರಾರು ಇದಕ್ಕೆ ಹತ್ತು ಪಾಲು ಅನ್ವಯಿಸುತ್ತೆ, ಪರೀಕ್ಷೆ ಬರೆದೋರಿಗೆ ಬಿಟ್ರೆ ಯಾರಿಗೂ ಬೇಡದ ಪದ, ಮೇಲಾಗಿ ಅಲ್ಪ ಅಂದ ಕೂಡ್ಲೆ ನಮಗೆ ಅರ್ಧರಾತ್ರೀಲಿ ಕೊಡೆ ಹಿಡಿದೋನೇ ನೆನಪಾಗೋದು (ಒಂದು ಲೆಕ್ಕಕ್ಕೆ ಅದೂ ಸರೀನೇ ಬಿಡಿ). ‘ಕುಬೇರರ ಆಳ್ವಿಕೆ’ ಅನ್ನೋಣ ಅಂದ್ರೆ ನಮ್ಮ ಪೇಪರ್‌ಗಳು ಕುಬೇರ ಪದವನ್ನ ಹೊಗಳಿಕೆಯಾಗಿ ಸವೆಸಿಬಿಟ್ಟಿವೆ, ವಿಶ್ವದ ನಂಬರ್ ಒನ್ ಕುಬೇರ ಅಂತ ಓದಿದಾಗ ಮೂಡೋದು ಬೆರಗೇ ಹೊರತು ಸಿಟ್ಟಲ್ಲ. ‘ದೊಡ್ಡ ಕುಳಗಳು’ ಚೆನ್ನಾಗಿದೆ, ಆದ್ರೆ ಕುಳಕ್ಕೆ ದುಡ್ಡಿದೆ ಅಷ್ಟೇ, ಅಧಿಕಾರ ಇದೆ ಅಂತ ಗ್ಯಾರಂಟಿ ಇಲ್ಲ.

ನನಗೆ ಹೊಳೆದಿದ್ದು ಧಣಿ. ಬಳ್ಳಾರಿ ಅಕ್ರಮ ಗಣಿಗಾರಿಕೆ ಕಾಲದಲ್ಲಿ, ಅಂದ್ರೆ 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬರೋ ಮೊದಲಿಂದಲೂ, ನಮ್ಮ ಪತ್ರಿಕೆಗಳು ‘ಗಣಿಧಣಿ’ ಅಂತ ಒಂದು ಪದ ನಡೆಸಿದ್ವಲ್ಲ, ಅದರೊಳಗೆ ಆಲಿಗಾರ್ಕ್‌ನ ಅರ್ಥ ಪೂರ್ತಿ ಇದೆ: ದುಡ್ಡಿಂದ ಅಧಿಕಾರ ಹಿಡಿದು ಅಧಿಕಾರದಿಂದ ದುಡ್ಡು ಮಾಡೋನು. ರಷ್ಯಾದಲ್ಲಿ ಯೆಲ್ಟ್ಸಿನ್ ಕಾಲದಲ್ಲಿ ಎಣ್ಣೆ, ನಿಕ್ಕಲ್ ಕಂಪನಿಗಳನ್ನ ಬಾಚ್ಕೊಂಡೋರನ್ನ ಆಲಿಗಾರ್ಕ್ ಅಂದಿದ್ದೂ ಇದೇ ಅರ್ಥದಲ್ಲಿ. ಇನ್ನು ‘ದರ್ಬಾರು’. ‘ನೋ ಕಿಂಗ್ಸ್’ ಅನ್ನೋದನ್ನ ‘ರಾಜರು ಬೇಡ’ ಅಂತ ಮಾಡಿದ್ರೆ ಮೈಸೂರು ಸೀಮೆಯವರಿಗೆ ಮೈ ಉರಿಯೋದೇ ಇಲ್ಲ, ರಾಜ ಅಂದ್ರೆ ಅವರಿಗೆ ಕನ್ನಂಬಾಡಿ ಕಟ್ಟಿಸಿದ ನಾಲ್ವಡಿ, ಅಮೆರಿಕದೋರು ತಿರುಗಿಬಿದ್ದ ಬ್ರಿಟನ್ನಿನ ಮೂರನೇ ಜಾರ್ಜ್ ಅಲ್ಲ. ಅದೇ ‘ಏನಯ್ಯ ನಿನ್ನ ದರ್ಬಾರು’ ಅಂದಾಗ ಎಲ್ಲಾ ಕಡೆಯವರಿಗೂ ಅರ್ಥ ಆಗುತ್ತೆ. ಹಾಗಾಗಿ ಆಲಿಗಾರ್ಕಿಗೆ ‘ಧಣಿಗಳ ದರ್ಬಾರು’, ‘ನೋ ಕಿಂಗ್ಸ್’ಗೆ ‘ದರ್ಬಾರು ಬೇಡ’. ಒಂದೇ ಒಂದು ಅಳುಕು, ಕರಾವಳಿ ಕಡೆ ಧಣಿಗಳು ಅನ್ನೋದು ಭೂಮಾಲೀಕರಿಗೆ ಮರ್ಯಾದೆ ಕೊಟ್ಟು ಕರೀತಿದ್ದ ಪದ, ಒಕ್ಕಲು ಮಸೂದೆ ಬಂದು ಐವತ್ತು ವರ್ಷ ಆದ್ಮೇಲೂ ಆ ಮರ್ಯಾದೆ ಪದದಲ್ಲಿ ಉಳ್ಕೊಂಡಿದೆಯಾ? ಮಂಗಳೂರು ಉಡುಪಿ ಕಡೆಯವರು ದಯವಿಟ್ಟು ಹೇಳಿ.

ಎರಡನೇದು ನಿಜಕ್ಕೂ ತಲೆನೋವು, ಗ್ರ್ಯಾಚುಟಿ. ನಮ್ಮಲ್ಲಿ ಇದು ನಿವೃತ್ತಿ ಆದಾಗ ಬರೋ ಇಡಿಗಂಟು, ಸರ್ಕಾರಿ ಕನ್ನಡದಲ್ಲಿ ಉಪದಾನ. ಅಮೆರಿಕದ ಭ್ರಷ್ಟಾಚಾರದ ಕಾನೂನಲ್ಲಿ ಅದರ ಅರ್ಥವೇ ಬೇರೆ, ಅಧಿಕಾರಿ ಕೆಲಸ ಮಾಡಿಕೊಟ್ಟ ಮೇಲೆ ಖುಷಿಗೆ ಅಂತ ಕೊಡೋ ದುಡ್ಡು. ಇದನ್ನ ಸುಮ್ನೆ ಲಂಚ ಅಂತ ಹಾಕಿಬಿಡಬಹುದಿತ್ತು, ಆದ್ರೆ ಇಡೀ ಕೇಸು ನಿಂತಿರೋದೇ ಲಂಚಕ್ಕೂ ಅದಕ್ಕೂ ಇರೋ ವ್ಯತ್ಯಾಸದ ಮೇಲೆ.

ಇಂಡಿಯಾನಾ ರಾಜ್ಯದಲ್ಲಿ ಪೋರ್ಟೇಜ್ ಅಂತ ಊರು, ಅಲ್ಲಿ ಆಗ ಮೇಯರ್ ಆಗಿದ್ದೋರು ಜೇಮ್ಸ್ ಸ್ನೈಡರ್. 2013ರಲ್ಲಿ ಊರಿನ ಕಸದ ಲಾರಿಗಳ ಕಾಂಟ್ರಾಕ್ಟು, ಒಟ್ಟು ಸುಮಾರು 11 ಲಕ್ಷ ಡಾಲರಿಂದು, ಒಂದು ಟ್ರಕ್ ಕಂಪನಿಗೆ ಹೋಯ್ತು. 2014ರಲ್ಲಿ ಅದೇ ಕಂಪನಿಯಿಂದ ಮೇಯರ್‌ಗೆ 13 ಸಾವಿರ ಡಾಲರಿನ ಚೆಕ್ಕು ಬಂತು. ಚೆಕ್ಕು ಅನ್ನೋದನ್ನ ಗಮನಿಸಿ, ನಮ್ಮ ಲೋಕಾಯುಕ್ತದವರ ಟ್ರ್ಯಾಪಿನ ಥರ ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ಈಸ್ಕೊಂಡೋನ ಬೆರಳನ್ನ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸಿ, ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನ ಬಾಟಲಿಗೆ ತುಂಬಿ ಸೀಲ್ ಹಾಕೋ ಪ್ರಶ್ನೆನೇ ಇಲ್ಲ, ಎಲ್ಲಾ ಬ್ಯಾಂಕ್ ಮೂಲಕ. ಸಲಹೆ ಕೊಟ್ಟಿದ್ದಕ್ಕೆ ಬಂದ ಫೀಸು ಅಂತ ಮೇಯರ್ ವಾದ. ಕೆಳಗಿನ ಕೋರ್ಟು ಒಂದು ವರ್ಷ ಒಂಬತ್ತು ತಿಂಗಳು ಜೈಲು ಅಂತು, ಸುಪ್ರೀಂ ಕೋರ್ಟು 2024ರ ಜೂನ್ 26ಕ್ಕೆ 6-3ರಲ್ಲಿ ಅದನ್ನ ಉಲ್ಟಾ ಮಾಡ್ತು.

ಉಲ್ಟಾ ಆಗಿದ್ದು ಒಂದು ಕ್ರಿಯಾಪದದಿಂದ. ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳಿಗೆ ಅನ್ವಯ ಆಗೋ ಆ ಫೆಡರಲ್ ಕಲಮಿನಲ್ಲಿ ಪ್ರಭಾವಕ್ಕೆ ಒಳಗಾಗೋದು ‘ಅಥವಾ’ ರಿವಾರ್ಡ್ ಪಡೆಯೋದು ಅಂತ ಎರಡೂ ಇದೆ. ರಿವಾರ್ಡ್ ಅಂದ್ರೆ ಆಮೇಲೆ ಕೊಟ್ಟಿದ್ದೂ ಸೇರುತ್ತೆ ಅಂತ ಸರ್ಕಾರದ ವಾದ. ತೀರ್ಪು ಬರೆದ ನ್ಯಾಯಮೂರ್ತಿ ಕ್ಯಾವನಾ, ಮೊದಲೇ ಮಾತುಕತೆ ಆಗಿದ್ದು ಆಮೇಲೆ ಕೊಟ್ಟಿದ್ರೆ ಮಾತ್ರ ಅದು ಲಂಚ, ಮಾತುಕತೆ ಇಲ್ದೆ ಕೊಟ್ಟಿದ್ದನ್ನ ಈ ಕಲಂ ತಡೆಯಲ್ಲ, ಬೇಕಾದ್ರೆ ಆಯಾ ರಾಜ್ಯ, ಊರುಗಳು ತಮ್ಮ ಕಾನೂನು ಮಾಡ್ಕೊಳ್ಳಲಿ ಅಂದ್ರು. ಭಿನ್ನಮತ ಬರೆದ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಕಾಯ್ದೆಯಲ್ಲಿ ಬರೆದಿರೋ ಪದವನ್ನೇ ಓದಲ್ಲ ಅಂದ್ರೆ ಹೇಗೆ ಅಂತ ಚೆನ್ನಾಗೇ ಝಾಡಿಸಿದ್ರು. ನನಗೂ ಜಾಕ್ಸನ್ ಹೇಳಿದ್ದೇ ಸರಿ ಅನ್ಸುತ್ತೆ. ನಮ್ಮ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೂ ಮೂಲದಲ್ಲಿ ಪ್ರೇರಣೆ ಅಥವಾ ರಿವಾರ್ಡ್ ಅಂತ ಎರಡೂ ಇತ್ತು, ಮುಂಚೆ ಕೊಟ್ಯೋ ಆಮೇಲೆ ಕೊಟ್ಯೋ ಅಂತ ನಾವು ಬೇರೆ ಮಾಡಿ ನೋಡಿದೋರಲ್ಲ.

ಸರಿ, ಪದ ಯಾವುದು? ‘ಇನಾಮು’ ಮೇಲಿನೋರು ಕೆಳಗಿನೋರಿಗೆ ಕೊಡೋದು, ಇಲ್ಲಿ ದಿಕ್ಕು ತಿರುಗಾಮುರುಗಾ. ‘ಭಕ್ಷೀಸು’ ಹೋಟೆಲಲ್ಲಿ ಮಾಣಿಗೆ. ‘ಮಾಮೂಲು’ ತಿಂಗಳು ತಿಂಗಳು ತಪ್ಪದೇ ಹೋಗೋದು, ಒಂದು ಚೆಕ್ಕಿಗೆ ಆ ಗೌರವ ಸಲ್ಲ. ‘ಕಾಣಿಕೆ’ ದಿಕ್ಕಿನ ಮಟ್ಟಿಗೆ ಸರಿಯಾಗಿದೆ, ಕೆಳಗಿಂದ ಮೇಲಕ್ಕೆ. ಇನ್ನೂ ಸ್ವಾರಸ್ಯ ಅಂದ್ರೆ ಕ್ಯಾವನಾ ಎಳೆದ ಗೆರೆ ನಮ್ಮ ದೇವಸ್ಥಾನದ ಲೆಕ್ಕದಲ್ಲಿ ಮೊದಲಿಂದ ಇದೆ: ಕೆಲಸ ಆಗೋ ಮುಂಚೆ ಹೊತ್ತು ಆದ್ಮೇಲೆ ತೀರಿಸಿದ್ರೆ ಹರಕೆ, ಏನೂ ಹೊರದೆ ಹುಂಡಿಗೆ ಹಾಕಿದ್ರೆ ಕಾಣಿಕೆ. ಹರಕೆ ತೀರಿಸಿದ್ರೆ ಜೈಲು, ಕಾಣಿಕೆ ಹಾಕಿದ್ರೆ ಬಿಡುಗಡೆ, ಅಷ್ಟೇ ತೀರ್ಪು. ಹಾಗಾಗಿ ಲೇಖನದಲ್ಲಿ ಬ್ರೈಬ್‌ಗೆ ಲಂಚ, ಗ್ರ್ಯಾಚುಟಿಗೆ ‘ಖುಷಿ ಕಾಣಿಕೆ’ ಅಂತ ಹಾಕಿದೀನಿ. ದೇವರಿಗೆ ಕೊಡೋ ಪದವನ್ನ ಮೇಯರ್‌ಗೆ ಕೊಟ್ಯಲ್ಲ ಅಂತ ಯಾರಾದ್ರೂ ಬೈಯ್ಯಬಹುದು, ಆದ್ರೆ ಕಪ್ಪಕಾಣಿಕೆ ಅಂತ ಅರಸರಿಗೂ ಕೊಡ್ತಿದ್ದೋರೇ ನಾವು.

ಇದರ ಪಕ್ಕದಲ್ಲೇ ಇನ್ನೊಂದು ಚಿಕ್ಕದು. 2006ರಲ್ಲಿ ಜ್ಯಾಕ್ ಅಬ್ರಮಾಫ್ ಲಾಬಿ ಹಗರಣ ಹಿಡ್ಕೊಂಡು ಡೆಮಾಕ್ರಾಟರು ‘ಕಲ್ಚರ್ ಆಫ್ ಕರಪ್ಷನ್’ ಅಂತ ಘೋಷಣೆ ಮಾಡಿ ಆ ವರ್ಷ ಹೌಸ್ (ಅಲ್ಲಿನ ಸಂಸತ್ತಿನ ಕೆಳಮನೆ) ಗೆದ್ರು. ‘ಭ್ರಷ್ಟಾಚಾರದ ಸಂಸ್ಕೃತಿ’ ಅಂತ ಬರೆದ್ರೆ ಕನ್ನಡದಲ್ಲಿ ಯಕ್ಷಗಾನ, ದಸರಾ ಪಕ್ಕ ಕೂರಿಸಿದ ಹಾಗಾಗುತ್ತೆ, ‘ಚಾಳಿ’ ಸಾಕು ಅಂತ ನನ್ನ ಅಭಿಪ್ರಾಯ. ಆ ಚಾಳಿ ಒಂದೇ ಪಕ್ಷದ್ದಲ್ಲ ಅನ್ನೋದು ಬೇರೆ ಮಾತು, ನ್ಯೂಜೆರ್ಸಿಯ ಡೆಮಾಕ್ರಾಟ್ ಸೆನೆಟರ್ ಆಗಿದ್ದ ಬಾಬ್ ಮೆನೆಂಡೆಜ್ ಮನೇಲಿ ಚಿನ್ನದ ಗಟ್ಟಿಗಳು, ಕೋಟಿನ ಜೇಬಲ್ಲಿ ತುರುಕಿದ ನೋಟು ಸಿಕ್ಕಿ 2025ರ ಜನವರೀಲಿ 11 ವರ್ಷ ಶಿಕ್ಷೆ ಆಯ್ತು, ಆಮೇಲೆ ಅದೇ ಪಕ್ಷದೋರು ಭ್ರಷ್ಟಾಚಾರದ ಬಗ್ಗೆ ಬಾಯಿ ತೆಗೆದಾಗ ಎದುರಿನೋರು ಸುಮ್ನಿರ್ತಾರಾ.

ಮೂರನೇದು ಅಫೋರ್ಡಬಿಲಿಟಿ, ಅಂದ್ರೆ ಬರೋ ಸಂಪಾದನೇಲಿ ಖರ್ಚು ತೂಗಿಸೋಕಾಗೋದು. 2025ರ ನವೆಂಬರ್ 4ರ ಚುನಾವಣೆಗಳನ್ನ ಡೆಮಾಕ್ರಾಟರು ಗೆದ್ದಿದ್ದು ಬಹುಪಾಲು ಈ ಪದದ ಮೇಲೆ. ನ್ಯೂಯಾರ್ಕಲ್ಲಿ ಮೇಯರ್ ಸ್ಥಾನಕ್ಕೆ ನಿಂತ ಮಮ್ದಾನಿ ಬಾಡಿಗೆ ಏರಿಸಬೇಡಿ ಬಸ್ಸು ಫ್ರೀ ಮಾಡಿ ಅಂದ್ರು, ನ್ಯೂಜೆರ್ಸಿಯಲ್ಲಿ ಗವರ್ನರ್ ಸ್ಥಾನಕ್ಕೆ ನಿಂತ ಮಿಕಿ ಶೆರಿಲ್ ಕರೆಂಟ್ ಬಿಲ್ ಹಿಡ್ಕೊಂಡ್ರು, ವರ್ಜೀನಿಯಾದಲ್ಲಿ ಅದೇ ಸ್ಥಾನಕ್ಕೆ ನಿಂತ ಸ್ಪ್ಯಾನ್‌ಬರ್ಗರ್ ದಿನಬಳಕೆ ಖರ್ಚಿನ ಮಾತೇ ಆಡಿದ್ರು. ಸಮಾಜವಾದಿ ಮಮ್ದಾನಿಯಿಂದ ಹಿಡಿದು ಮಾಜಿ ಸಿಐಎ ಅಧಿಕಾರಿ ಸ್ಪ್ಯಾನ್‌ಬರ್ಗರ್ ತನಕ ಎಲ್ಲರಿಗೂ ಹೊಂದಿಕೊಂಡ ಪದ ಇದು, ಟ್ರಂಪ್ ಅದನ್ನೇ ಡೆಮಾಕ್ರಾಟರ ಮೋಸ ಅಂತ ಜರಿದ್ರು. ನಮ್ಮ ಪೇಪರಲ್ಲಿ ಇದನ್ನ ‘ಬೆಲೆಯೇರಿಕೆ’ ಅಂತ ಹಾಕ್ತಿದಾರೆ, ಅದು ಪೂರ್ತಿ ಸರಿಯಲ್ಲ. ಅಮೆರಿಕದ ಹಣದುಬ್ಬರ 2022ರ ಜೂನಲ್ಲಿ ಶೇ. 9.1 ಇದ್ದಿದ್ದು 2025ರ ಹೊತ್ತಿಗೆ ಶೇ. 3ರ ಆಸುಪಾಸಿಗೆ ಇಳಿದಿತ್ತು, ಏರೋ ವೇಗ ಕಮ್ಮಿ ಆಯ್ತು ಆದ್ರೆ ಏರಿದ್ದು ಇಳೀಲಿಲ್ಲ, ಜನದ ಗೋಳು ಇರೋದು ಅಲ್ಲಿ. ‘ಕೈಗೆಟುಕುವ ಬೆಲೆ’ ಅಂದ್ರೆ ಸೈಟ್ ಮಾರೋರ ಬ್ಯಾನರ್ ನೆನಪಾಗುತ್ತೆ.

ಉತ್ತರ ಕರ್ನಾಟಕದೋರು ‘ಪರವಡಂಗಿಲ್ಲ’ ಅಂತಾರಲ್ಲ, ಮರಾಠಿ ಕಡೆಯಿಂದ ಬಂದಿದ್ದು, ಅದು ಅಚ್ಚುಕಟ್ಟಾಗಿ ಕೂರುತ್ತೆ, ‘ಈ ಬಾಡಿಗಿ ನಮಗ ಪರವಡಂಗಿಲ್ರೀ’ ಅಂದ್ರೆ ಮಮ್ದಾನಿ ಭಾಷಣದ ಸಾರ ಅಲ್ಲೇ ಮುಗೀತು. ಮೈಸೂರು ಕಡೆ ‘ತೂಗಿಸೋಕಾಗಲ್ಲ’, ‘ಗಿಟ್ಟಲ್ಲ’ ಇದೆ, ಗಿಟ್ಟೋದರಲ್ಲಿ ವ್ಯಾಪಾರದ ಲಾಭದ ವಾಸನೆ ಜಾಸ್ತಿ. ಕ್ರಿಯಾಪದ ಸಿಕ್ತು, ನಾಮಪದ ಮಾಡೋದು ಹೇಗೆ ಅನ್ನೋದು ಪ್ರಶ್ನೆ, ‘ಪರವಡಿಕೆ’ ಅಂದ್ರೆ ಕಿವಿಗೆ ಒರಟಾ? ವಿಜಯಪುರ, ಬೆಳಗಾವಿ, ಧಾರವಾಡದೋರು ಬಾಯಲ್ಲಿ ಹೇಳಿ ನೋಡಿ ತಿಳಿಸಿ.

ಫಿಲಿಬಸ್ಟರ್‌ನ ಹಾಗೇ ಬಿಡ್ತಾ ಇದೀನಿ, ಸೆನೆಟಲ್ಲಿ (ಅಲ್ಲಿನ ಮೇಲ್ಮನೆ) 60 ವೋಟು ಸಿಗದ ಹಾಗೆ ಮಾಡಿ ಮಸೂದೆ ತಡೆಯೋ ತಂತ್ರ ಅದು. ಅದನ್ನ ‘ದೀರ್ಘ ಭಾಷಣ’ ಅಂತ ಅನುವಾದಿಸಿದ್ದು ನೋಡಿದೀನಿ, ಡೆಮಾಕ್ರಾಟ್ ಸೆನೆಟರ್ ಕೋರಿ ಬೂಕರ್ 25 ಗಂಟೆ ನಿಂತು ಮಾತಾಡಿದ್ದರಿಂದ ಹುಟ್ಟಿದ ಗೊಂದಲ ಇರಬೇಕು, ಅವರು ತಡೀತಿದ್ದ ಮಸೂದೆ ಯಾವುದೂ ಇರಲಿಲ್ಲ. ಖರ್ಚಿನ ಮಸೂದೆ ಪಾಸಾಗದೆ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಬಂದ್ ಆದಾಗ ಯಾರೂ ನಿಂತು ಭಾಷಣ ಮಾಡ್ಲಿಲ್ಲ, ಡೆಮಾಕ್ರಾಟರು ಆರೋಗ್ಯ ವಿಮೆ ಸಬ್ಸಿಡಿ ಮುಂದುವರಿಸಿ ಅಂತ ಸೆನೆಟಲ್ಲಿ ಬೇಕಿದ್ದ 60 ವೋಟು ಕೊಡದೆ ಪಟ್ಟು ಹಿಡಿದು ಕೂತ್ರು ಅಷ್ಟೇ, ಕೊನೆಗೆ ಅವರ ಬಣದ ಎಂಟು ಜನ ಆ ಕಡೆ ವೋಟ್ ಹಾಕಿದ್ರು, ಸಬ್ಸಿಡಿ ಸಿಗ್ಲಿಲ್ಲ. ‘ಪಟ್ಟು’ ಅನ್ನೋದನ್ನೇ ಫಿಲಿಬಸ್ಟರ್‌ಗೂ ಹಾಕಬಹುದು ಅನ್ನೋರಿದ್ರೆ ವಾದ ಮಾಡಿ, ಕೇಳ್ತೀನಿ.

ಲೇಖನ ಮುಂದಿನ ವಾರ ಕೊಡಬೇಕು. ಧಣಿ ಮತ್ತು ಪರವಡಿಕೆ ಎರಡರ ಬಗ್ಗೆ ಮೊದಲು ಉತ್ತರ ಬಂದ್ರೆ ಉಪಕಾರ ಆಗುತ್ತೆ.