ಬಿಇ ಮುಗಿಸಿ ಹದಿನಾರು ವರ್ಷ ಆಯ್ತು. ಈಗ ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ಓದಬಹುದಾ?

ಸನ್ನಿವೇಲ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ದಾವಣಗೆರೆಯಲ್ಲಿ ಬಿಇ, ಬೆಂಗಳೂರಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ. ಆಮೇಲೆ ಮದುವೆ, ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್‌4 ವೀಸಾ, ಎರಡು ಮಕ್ಕಳು. ಕ್ಯಾಲಿಫೋರ್ನಿಯಾಗೆ ಬಂದು ಒಂಬತ್ತು ವರ್ಷ ಆಯ್ತು. ಚಿಕ್ಕವಳು ಈ ವರ್ಷ ಸ್ಕೂಲಿಗೆ ಹೋಗುತ್ತಾಳೆ. ಮತ್ತೆ ಕೋಡಿಂಗ್ ಮಾಡಲು ಮನಸ್ಸಿಲ್ಲ. ಸೈಕಾಲಜಿ ಓದಿ ಕೌನ್ಸೆಲರ್ ಆಗಬೇಕು ಅಂತ ಆಸೆ. ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಸೇರಲಾ? ನಮ್ಮ ಮನೆಯವರು ಬೇಡ ಅನ್ನುವುದಿಲ್ಲ. ಆದರೆ "ಅಲ್ಲಿ ಓದಿದರೆ ಬೆಲೆ ಇದೆಯಾ?" ಅಂತ ಕೇಳುತ್ತಾರೆ. ಎಷ್ಟು ಖರ್ಚು, ಎಷ್ಟು ವರ್ಷ, ಕಷ್ಟ ಎಲ್ಲಿ? ಓದಿದವರು ಹೇಳಿ.

ಸ್ಯಾನ್ ಹೋಸೆಯಿಂದ:

ತಂಗಿ, ನಿಮ್ಮ ಪ್ರಶ್ನೆ ಓದಿದಾಗ 2014ರ ನನ್ನ ದಿನಗಳು ನೆನಪಾದವು. ಆಗ ನನಗೆ 34. ಕೈಯಲ್ಲಿ ಮೈಸೂರಿನ ಬಿಕಾಂ ಡಿಗ್ರಿ, ಮನೆಯಲ್ಲಿ ಐದು ವರ್ಷದ ಮಗ. ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ಶುರು ಮಾಡಿದೆ. ಈಗ ಮಾಸ್ಟರ್ಸ್ ಮುಗಿದಿದೆ, ಲೈಸೆನ್ಸಿಗೆ ಬೇಕಾದ ಕೆಲಸದ ಗಂಟೆಗಳನ್ನು ತುಂಬಿಸುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದು. ನಿಮ್ಮದು ನಾಲ್ಕು ವರ್ಷದ ಡಿಗ್ರಿ. ಹಾಗಾಗಿ ನೀವು ಇನ್ನೊಂದು ಡಿಗ್ರಿ ಮಾಡಬೇಕಾಗಿಲ್ಲ. ಕೌನ್ಸೆಲಿಂಗ್ ಮಾಸ್ಟರ್ಸ್ ಕೋರ್ಸುಗಳಲ್ಲಿ ಬಹಳಷ್ಟು, ಯಾವ ವಿಷಯದ ಬ್ಯಾಚುಲರ್ಸ್ ಆದರೂ ಒಪ್ಪುತ್ತವೆ. ಅದರ ಜೊತೆ ಸೈಕಾಲಜಿಯ ಕೆಲವು ಕ್ಲಾಸ್ ಮಾಡಿರಬೇಕು ಅನ್ನುತ್ತವೆ. ಸಾಮಾನ್ಯವಾಗಿ ಕೇಳುವುದು ಇಂಟ್ರೊಡಕ್ಷನ್, ಸ್ಟ್ಯಾಟಿಸ್ಟಿಕ್ಸ್, ರಿಸರ್ಚ್ ಮೆಥಡ್ಸ್, ಅಬ್ನಾರ್ಮಲ್ ಸೈಕಾಲಜಿ, ಮಕ್ಕಳಿಂದ ಮುಪ್ಪಿನವರೆಗಿನ ಬೆಳವಣಿಗೆಯ ಕ್ಲಾಸ್. ಇವನ್ನೆಲ್ಲ ಕಮ್ಯುನಿಟಿ ಕಾಲೇಜಿನಲ್ಲಿ ಒಂದೂವರೆ ವರ್ಷದಲ್ಲಿ ಆರಾಮಾಗಿ ಮುಗಿಸಬಹುದು.

ನನಗೆ ಆ ದಾರಿ ಇರಲಿಲ್ಲ. ಮೂರು ವರ್ಷದ ಬಿಕಾಂ ಅನ್ನು ಇಲ್ಲಿನ ಪೂರ್ತಿ ಡಿಗ್ರಿಗೆ ಸಮ ಅಂತ ನನ್ನ ಸರ್ಟಿಫಿಕೇಟ್ ನೋಡಿದವರು ಒಪ್ಪಲಿಲ್ಲ. ಹಾಗಾಗಿ ಮೂರು ವರ್ಷ ಕಮ್ಯುನಿಟಿ ಕಾಲೇಜು, ಎರಡು ವರ್ಷ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಿಎ, ಆಮೇಲೆ ಮಾಸ್ಟರ್ಸ್. ನಿಮಗೆ ಆ ಐದು ವರ್ಷದಲ್ಲಿ ಹೆಚ್ಚಿನದು ಉಳಿಯುತ್ತದೆ. ಆದ್ದರಿಂದ ಕಾಲೇಜಿಗೆ ಅರ್ಜಿ ಹಾಕುವ ಮೊದಲು ನಿಮ್ಮ ಬಿಇ ಮಾರ್ಕ್ಸ್ ಕಾರ್ಡುಗಳನ್ನು ಡಬ್ಲ್ಯುಇಎಸ್‌ನಂಥ ವಿದೇಶಿ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಅಂತ ಹೇಳುವ ಸಂಸ್ಥೆಯಿಂದ ಇವ್ಯಾಲ್ಯುಯೇಟ್ ಮಾಡಿಸಿ. ನಿಮಗೆ ಇಷ್ಟವಾದ ಎರಡು ಮೂರು ಮಾಸ್ಟರ್ಸ್ ಕೋರ್ಸ್ ಏನೇನು ಕೇಳುತ್ತವೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ಹಿಡಿದುಕೊಂಡೇ ಕಾಲೇಜಿನ ಅಕಡೆಮಿಕ್ ಕೌನ್ಸೆಲರ್ ಹತ್ತಿರ ಹೋಗಿ. ಅವರ ಮುಂದೆ ಕೂರುವವರಲ್ಲಿ ಜಾಸ್ತಿ ಜನ ಹೈಸ್ಕೂಲ್ ಮುಗಿಸಿದ ಮಕ್ಕಳು. ನೀವು ಬಾಯಿಬಿಟ್ಟು ಹೇಳದಿದ್ದರೆ ನಿಮಗೂ ಎರಡು ವರ್ಷದ ಪ್ಲಾನ್ ಹಾಕಿಕೊಡುತ್ತಾರೆ.

ಖರ್ಚಿನ ವಿಷಯ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಒಂದು ಯುನಿಟ್‌ಗೆ 46 ಡಾಲರ್. ಮೂರು ಯುನಿಟ್‌ನ ಕ್ಲಾಸಿಗೆ 138. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು (ಸೆಮಿಸ್ಟರಿಗಿಂತ ಚಿಕ್ಕ ಟರ್ಮ್), ಅಲ್ಲಿ ಯುನಿಟ್‌ಗೆ 31. ಇದರ ಮೇಲೆ ಸಣ್ಣಪುಟ್ಟ ಫೀಸ್ ಇರುತ್ತದೆ. ನಿವಾಸಿ ಅಲ್ಲದವರಿಗೆ ಯುನಿಟ್‌ಗೆ ನೂರಾರು ಡಾಲರ್. ಎಚ್‌4ನಲ್ಲಿ ಇರುವವರು ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದರೆ ನಿವಾಸಿ ಲೆಕ್ಕಕ್ಕೆ ಬರಬಹುದು. ಟ್ಯಾಕ್ಸ್ ಪೇಪರ್, ಡ್ರೈವಿಂಗ್ ಲೈಸೆನ್ಸ್ ಎಲ್ಲ ಇಟ್ಟುಕೊಳ್ಳಿ. ಓದಲಿಕ್ಕಾಗಿ ವಿದ್ಯಾರ್ಥಿಗಳ ಎಫ್‌1 ವೀಸಾಗೆ ಬದಲಾಯಿಸಬೇಕಿಲ್ಲ. ಬದಲಾಯಿಸಿದರೆ ಆ ಕಡಿಮೆ ಫೀಸೇ ಕೈತಪ್ಪುತ್ತದೆ. ಫೆಡರಲ್ ಧನಸಹಾಯ ಎಚ್‌4ಗೆ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ, ಆಗಲೇ ಡಿಗ್ರಿ ಇದ್ದವರಿಗೆ ಪೆಲ್ ಗ್ರಾಂಟ್ ಅನ್ನುವ ಸರ್ಕಾರಿ ಸಹಾಯಧನ ಸಿಗುವುದಿಲ್ಲ.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಓಪನ್‌ಸ್ಟ್ಯಾಕ್ಸ್‌ನ ಸೈಕಾಲಜಿ ಪುಸ್ತಕ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಎಷ್ಟೋ ಕ್ಲಾಸಿನಲ್ಲಿ ಅದನ್ನೇ ಬಳಸುತ್ತಾರೆ. ಸೇರುವ ಮೊದಲೇ ಅದರ ಮೂರು ಅಧ್ಯಾಯ ಓದಿ ನೋಡಿ. ನರಕೋಶದ ಅಧ್ಯಾಯವನ್ನೂ ಬಿಡದೆ ಓದಿ. ಸೈಕಾಲಜಿ ಅಂದರೆ ಬರೀ ಮನಸ್ಸಿನ ಮಾತುಕತೆ ಅಂದುಕೊಂಡು ಬಂದವರು ಅಲ್ಲೇ ಸುಸ್ತಾಗುತ್ತಾರೆ.

"ಬೆಲೆ ಇದೆಯಾ" ಅನ್ನುವ ಪ್ರಶ್ನೆ ನನ್ನನ್ನೂ ಬಹಳ ಕಾಡಿತ್ತು. ನಮ್ಮಪ್ಪ ಫೋನಿನಲ್ಲಿ "ಹುಚ್ಚರ ಡಾಕ್ಟರ್ ಆಗ್ತೀಯಾ?" ಅಂದರು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಮಹಾರಾಜ ಕಾಲೇಜಿನಲ್ಲಿ ಓದಿದವರು. ಅವರು ಫೋನ್ ಇಸಕೊಂಡು ಹೇಳಿದರು: "ಆಕಾಶವಾಣಿ ಅಂತ ದಿನಾ ರೇಡಿಯೋ ಕೇಳ್ತಾನಲ್ಲ ನಿಮ್ಮಪ್ಪ, ಮೈಸೂರಲ್ಲಿ ಅದನ್ನ ಶುರು ಮಾಡಿದ ಗೋಪಾಲಸ್ವಾಮಿಗಳು ಸೈಕಾಲಜಿ ಮೇಷ್ಟ್ರು ಕಣಮ್ಮ." ನಿಜ. ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರ್. 1935ರಲ್ಲಿ ತಮ್ಮ ಮನೆಯಲ್ಲೇ ಆ ಸ್ಟೇಷನ್ ಶುರು ಮಾಡಿದ್ದರು. ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ಇನ್ನು ಇಲ್ಲಿನ ಬೆಲೆ. ಕಮ್ಯುನಿಟಿ ಕಾಲೇಜಿನಲ್ಲಿ ನನಗೆ ಸಿಕ್ಕಿದ್ದು 35 ಜನರ ಕ್ಲಾಸ್. ಮೇಷ್ಟ್ರಿಗೆ ನನ್ನ ಹೆಸರು ಗೊತ್ತಿತ್ತು. ಮೊದಲ ಪೇಪರ್ ಅನ್ನು ಅವರು ಆಫೀಸ್ ಅವರ್‌ನಲ್ಲಿ ಪಕ್ಕ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. ಸೈಕಾಲಜಿ ಪೇಪರುಗಳಿಗೆ ಬಳಸುವ ಎಪಿಎ ಶೈಲಿಯಲ್ಲಿ ಬರೆಯುವುದು ನನಗೆ ಹೊಸದು. ಇನ್ನೊಬ್ಬರ ಮಾತನ್ನು ಹೇಗೆ ಬಳಸಬೇಕು, ಎಲ್ಲಿ ಹೆಸರು ಹಾಕಬೇಕು ಅಂತ ನಮ್ಮ ಕಾಲದಲ್ಲಿ ಯಾರೂ ಕಲಿಸಿರಲಿಲ್ಲ ಅಲ್ವಾ. ಪುಸ್ತಕದ ಸಾಲು ಇದ್ದ ಹಾಗೆ ಬರೆದರೆ ಮಾರ್ಕ್ಸ್ ಬರುತ್ತಿತ್ತು. ಇಲ್ಲಿ ಅದು ಕಳ್ಳತನ. ನಿಮಗೆ ನಿಜವಾದ ಕಷ್ಟ ಆಗುವುದು ಅಲ್ಲೇ, ಇಂಗ್ಲಿಷ್ ಮಾತಾಡುವುದರಲ್ಲಿ ಅಲ್ಲ.

ನನಗೆ ಅತಿ ಇಷ್ಟವಾದದ್ದು ರಿಸರ್ಚ್ ಮೆಥಡ್ಸ್. ಸ್ಟ್ಯಾನ್‌ಫೋರ್ಡ್‌ನ ಬಿಂಗ್ ನರ್ಸರಿ ಸ್ಕೂಲಿನಲ್ಲಿ ವಾಲ್ಟರ್ ಮಿಶೆಲ್ ಮಾಡಿದ ಮಾರ್ಷ್‌ಮ್ಯಾಲೋ ಪ್ರಯೋಗ ಗೊತ್ತಿರಬಹುದು. ಈಗಲೇ ಒಂದು ಸಿಹಿ ತಿನ್ನುತ್ತೀಯಾ, ಕಾದರೆ ಎರಡು ಕೊಡುತ್ತೇನೆ ಅಂತ ಮಕ್ಕಳನ್ನು ಕೇಳುವುದು. ಅದನ್ನು ಓದಿದ ವಾರವೇ ನಮಗೆ ಒಂದು ಕೆಲಸ ಕೊಟ್ಟರು. ಸಾರ್ವಜನಿಕ ಜಾಗದಲ್ಲಿ ಕೂತು ಜನರ ನಡವಳಿಕೆ ಗಮನಿಸಿ ಬರೆಯಬೇಕು, ಯಾರ ಹೆಸರೂ ಬರೆಯಬಾರದು. ನಾನು ದೇವಸ್ಥಾನಕ್ಕೆ ಹೋದೆ. ಮಕ್ಕಳ ಕೈಗೆ ಲಾಡು ಬಂದ ಮೇಲೆ ಎಷ್ಟು ಹೊತ್ತು ತಿನ್ನದೆ ಇರುತ್ತಾರೆ ಅಂತ ಗಡಿಯಾರ ನೋಡಿ ಬರೆದುಕೊಂಡೆ. ಹದಿನಾಲ್ಕು ಮಕ್ಕಳು. ಅಜ್ಜಿಯ ಪಕ್ಕ ಕೂತ ಮಕ್ಕಳು ಜಾಸ್ತಿ ಹೊತ್ತು ಕಾದರು. ಅಜ್ಜಿಯರಿಂದ ಮಕ್ಕಳಿಗೆ ಸಂಯಮ ಬರುತ್ತದೆ ಅಂತ ಸಂತೋಷದಿಂದ ಬರೆದುಕೊಟ್ಟೆ. ಮೇಷ್ಟ್ರು ಪೇಪರಿನ ಅಂಚಿನಲ್ಲಿ ಕೇಳಿದ್ದರು: ಅಜ್ಜಿ ಜೊತೆ ಬಂದ ಮಕ್ಕಳು ಮೊದಲೇ ಊಟ ಮಾಡಿ ಬಂದಿದ್ದರೇ? ವಯಸ್ಸು ಎಷ್ಟು? ಅಜ್ಜಿ ಕೈ ಹಿಡಿದಿದ್ದರೇ?

ಆ ಮೂರು ಪ್ರಶ್ನೆಯಿಂದ ನಾನು ಕಲಿತಷ್ಟು ಬಿಕಾಂನ ಮೂರು ವರ್ಷದಲ್ಲಿ ಕಲಿತಿರಲಿಲ್ಲ. ಆಮೇಲೆ 2018ರಲ್ಲಿ ಬೇರೆಯವರು ದೊಡ್ಡ ಮಟ್ಟದಲ್ಲಿ ಮಾರ್ಷ್‌ಮ್ಯಾಲೋ ಅಧ್ಯಯನವನ್ನು ಮತ್ತೆ ಮಾಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಾಯುವುದಕ್ಕೂ ಮುಂದಿನ ಯಶಸ್ಸಿಗೂ ಇರುವ ನಂಟು ತೀರಾ ಕಡಿಮೆ ಅಂತ ಕಂಡಿತು. ಅದನ್ನು ಓದಿದಾಗ ನನಗೆ ಆ ಲಾಡು ನೆನಪಾಯಿತು. ಮಗನ ಮೇಲೆ "ನಿನಗೆ ತಾಳ್ಮೆ ಇಲ್ಲ" ಅಂತ ಕೂಗುವುದನ್ನೂ ನಿಲ್ಲಿಸಿದೆ.

ಮುಂದಿನ ದಾರಿ ಉದ್ದ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಮ್‌ಎಫ್‌ಟಿ (ದಾಂಪತ್ಯ ಮತ್ತು ಕುಟುಂಬದ ಥೆರಪಿಸ್ಟ್) ಲೈಸೆನ್ಸಿಗೆ ಮಾಸ್ಟರ್ಸ್ ಬೇಕು, ಮೇಲ್ವಿಚಾರಣೆಯಲ್ಲಿ 3000 ಗಂಟೆ ಕೆಲಸ ಬೇಕು, ಎರಡು ಪರೀಕ್ಷೆ ಪಾಸಾಗಬೇಕು. ಎಲ್‌ಪಿಸಿಸಿಗೂ (ಕ್ಲಿನಿಕಲ್ ಕೌನ್ಸೆಲರ್ ಲೈಸೆನ್ಸ್) 3000 ಗಂಟೆಯೇ. ಓದಲು ಎಚ್‌4 ಅಡ್ಡಿ ಅಲ್ಲ. ಆದರೆ ಡಿಗ್ರಿ ಮುಗಿದ ಮೇಲೆ ಕೆಲಸಕ್ಕೆ ಸೇರಲು ವರ್ಕ್ ಪರ್ಮಿಟ್ ಬೇಕು. ನಿಮ್ಮವರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ ಐ‌140 ಒಪ್ಪಿಗೆ ಆಗಿದ್ದರೆ ಎಚ್‌4 ಇಎಡಿಗೆ, ಅಂದರೆ ಆ ವರ್ಕ್ ಪರ್ಮಿಟ್ಟಿಗೆ, ಅರ್ಜಿ ಹಾಕಬಹುದು. ಇದನ್ನು ಈಗಲೇ ವಿಚಾರಿಸಿ, ಮಾಸ್ಟರ್ಸ್ ಕೊನೆಗೆ ಬಿಡಬೇಡಿ.

ಒಂದು ಮಾತು ಮಾತ್ರ ಹೇಳಲೇಬೇಕು. ನಮ್ಮ ಊರುಗಳಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರು "ಡಿಪ್ರೆಷನ್" ಅನ್ನುವುದಿಲ್ಲ. "ಊಟ ಸೇರಲ್ಲ", "ಎದೆ ಮೇಲೆ ಕಲ್ಲು ಇಟ್ಟಂಗಿದೆ", "ಜೀವ ಝುಂ ಅನ್ನತ್ತೆ" ಅನ್ನುತ್ತಾರೆ. ಅದನ್ನು ಇಂಗ್ಲಿಷ್‌ಗೆ ತಿರುಗಿಸಿದರೆ ಹೊಟ್ಟೆನೋವು, ಎದೆನೋವು ಅಂತ ಆಗಿ, ಬರೀ ಮೈಯ ಪರೀಕ್ಷೆಗಳು ನಡೆಯುತ್ತವೆ. ಆ ಮಾತನ್ನು ಆ ಮಾತಿನಲ್ಲೇ ಕೇಳಿಸಿಕೊಳ್ಳುವವರು ಇಲ್ಲಿ ತುಂಬಾ ಕಡಿಮೆ. ನೀವು ಬರಬೇಕು ಅಂತ ನನಗೆ ಅನಿಸುವುದು ಇದಕ್ಕೇ.

ಫ್ರೀಮಾಂಟ್‌ನಿಂದ:

ನಾನು ಓದಿದವನಲ್ಲ, ಮಗಳನ್ನು ಓದಿಸಿದವನು. ಹೈಸ್ಕೂಲ್ ಮುಗಿಸಿ ಕಮ್ಯುನಿಟಿ ಕಾಲೇಜಿಗೆ ಹೋಗುತ್ತೇನೆ ಅಂದಾಗ ಒಂದು ವಾರ ಮಾತು ಬಿಟ್ಟಿದ್ದೆ. ಅದು ನನ್ನ ತಪ್ಪು. ಎರಡು ವರ್ಷ ಮನೆಯಲ್ಲೇ ಇದ್ದು ಓದಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಸಾಂತಾ ಕ್ರೂಜ್‌ಗೆ ಟ್ರಾನ್ಸ್‌ಫರ್ ಆದಳು. ಉಳಿದ ದುಡ್ಡು ಎಷ್ಟು ಅಂತ ಬೇರೆ ಹೇಳಬೇಕಿಲ್ಲ.

ಮಕ್ಕಳಿಗಾಗಿ ಇದನ್ನು ಓದುತ್ತಿರುವವರಿಗೆ: ಅಸಿಸ್ಟ್ ಅಂತ ಒಂದು ವೆಬ್‌ಸೈಟ್ ಇದೆ. ಈ ಕಾಲೇಜಿನ ಯಾವ ಕ್ಲಾಸ್ ಆ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಪ್ರತಿ ಟರ್ಮ್ ಸೇರುವ ಮುಂಚೆ ನೋಡಿ. ಸೈಕಾಲಜಿಯಲ್ಲಿ ಎಎ‌ಟಿ ಅನ್ನುವ ಟ್ರಾನ್ಸ್‌ಫರ್ ಡಿಗ್ರಿ ಮುಗಿಸಿದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯುನ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ನೀವು ಬಯಸಿದ ಕ್ಯಾಂಪಸ್ಸೇ ಅಂತ ಅಲ್ಲ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಯುಸಿಗಳಲ್ಲಿ ಆರು ಕ್ಯಾಂಪಸ್‌ಗೆ ಟ್ಯಾಗ್ ಅನ್ನುವ ಖಾತ್ರಿ ಇದೆ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗೆ ಇಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್‌ನಲ್ಲಿ. ನಾವು ಆ ತಿಂಗಳು ಊರಿಗೆ ಹೋಗಿದ್ದೆವು, ಮೈಸೂರಿನ ಸೈಬರ್ ಸೆಂಟರ್‌ನಲ್ಲಿ ಕೂತು ತುಂಬಿದಳು.

ಮಿಲ್ಪಿಟಾಸ್‌ನಿಂದ:

ನಾನು ಅರ್ಧಕ್ಕೆ ಬಿಟ್ಟವಳು. ಅದನ್ನೂ ಹೇಳುವುದು ಒಳ್ಳೆಯದು. ಸ್ಟ್ಯಾಟಿಸ್ಟಿಕ್ಸ್ ಅನ್ನು ಬೇಸಿಗೆಯಲ್ಲಿ ಆರು ವಾರದ ಕ್ಲಾಸಾಗಿ ತೆಗೆದುಕೊಂಡೆ. ಸೆಮಿಸ್ಟರ್‌ನಲ್ಲಿ ಹದಿನಾರು ವಾರ ಮಾಡುವುದನ್ನು ಆರು ವಾರಕ್ಕೆ ಒತ್ತಿರುತ್ತಾರೆ. ಮೂರನೇ ವಾರ ಮಗನಿಗೆ ಜ್ವರ. ಬಿಟ್ಟುಬಿಡೋಣ ಅಂತ ನೋಡುವಷ್ಟರಲ್ಲಿ ಡ್ರಾಪ್ ಮಾಡುವ ಕೊನೆಯ ದಿನ ದಾಟಿತ್ತು. ಎಫ್ ಬಿತ್ತು. ಸಮಯಕ್ಕೆ ಬಿಟ್ಟಿದ್ದರೆ ಡಬ್ಲ್ಯು (ಕ್ಲಾಸ್ ಬಿಟ್ಟಿದ್ದಾರೆ) ಅಂತ ಬರುತ್ತಿತ್ತು, ಗ್ರೇಡ್ ಲೆಕ್ಕಕ್ಕೆ ಪೆಟ್ಟು ಬೀಳುತ್ತಿರಲಿಲ್ಲ. ಮೊದಲ ದಿನವೇ ಆ ತಾರೀಖನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಮೊದಲ ಟರ್ಮ್‌ಗೆ ಒಂದೇ ಕ್ಲಾಸ್ ತಗೊಳ್ಳಿ. ಮೇಲೆ ಬರೆದ ಅಕ್ಕನ ಮಾತು ಓದಿ ನಾನೂ ಮತ್ತೆ ಶುರು ಮಾಡಲಾ ಅಂತ ಯೋಚನೆ ಬಂದಿದೆ.

ಬೆಂಗಳೂರಿನಿಂದ:

ನಾವು ಎರಡು ವರ್ಷದ ಹಿಂದೆ ವಾಪಸ್ ಬಂದೆವು. ಊರಿಗೆ ಮರಳುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಲಿ. ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಬೇಕು. ಅಲ್ಲಿನ ಬಿಡಿ ಬಿಡಿ ಕ್ಲಾಸುಗಳಿಂದ ಅದು ಸಿಗುವುದಿಲ್ಲ. ನಾನು ಕಲಿತದ್ದು ವ್ಯರ್ಥ ಅಂತ ಅಲ್ಲ, ಸ್ಕೂಲೊಂದರಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ, ದಿನಾ ಉಪಯೋಗಕ್ಕೆ ಬರುತ್ತದೆ. ಆದರೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಲ್ಲಿದ್ದಾಗಲೇ ಬೇರೆ ರೀತಿ ಯೋಚಿಸುತ್ತಿದ್ದೆ.

ಸನ್ನಿವೇಲ್‌ನಿಂದ, ಮೂರು ವಾರದ ನಂತರ:

ಎಲ್ಲರಿಗೂ ತುಂಬಾ ಧನ್ಯವಾದ. ಇಂಟ್ರೊಡಕ್ಷನ್ ಕ್ಲಾಸಿಗೆ ಹೆಸರು ಹಚ್ಚಿದೆ, ಮಂಗಳವಾರ, ಗುರುವಾರ ಸಂಜೆ. ಒಂದೇ ಕ್ಲಾಸ್. ಮಾರ್ಕ್ಸ್ ಕಾರ್ಡುಗಳನ್ನು ಇವ್ಯಾಲ್ಯುಯೇಷನ್‌ಗೆ ಕಳಿಸಲು ಊರಲ್ಲಿ ನಮ್ಮಣ್ಣ ನನ್ನ ಯೂನಿವರ್ಸಿಟಿಗೆ ಓಡಾಡುತ್ತಿದ್ದಾನೆ. ಮನೆಯವರು ಆ ಎರಡು ದಿನ ಬೇಗ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಾರೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ರಾತ್ರಿ ನಿದ್ದೆ ಬರಲ್ಲಲ್ಲವ್ವ, ಅದೂ ಅದರಾಗ ಬರ್ತತೇನು?" ಅಂದರು. ಅಪ್ಪ ಹೋಗಿ ಎರಡು ವರ್ಷ ಆಯ್ತು. ನಿದ್ದೆ ಬರಲ್ಲ ಅಂತ ಇವತ್ತಿನವರೆಗೆ ನನಗೆ ಹೇಳಿರಲಿಲ್ಲ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಸ್ಯಾನ್ ಹೋಸೆಯಿಂದ:

ಇವತ್ತೇ ಮತ್ತೆ ಫೋನ್ ಮಾಡಿ. ಯಾವಾಗಿನಿಂದ, ಎಷ್ಟು ಗಂಟೆಗೆ ಎಚ್ಚರ ಆಗುತ್ತದೆ, ಆಗ ಏನು ನೆನಪಾಗುತ್ತದೆ ಅಂತ ಕೇಳಿ. ಪರಿಹಾರ ಹೇಳಲು ಹೋಗಬೇಡಿ, ಅವರು ಮಾತಾಡಲಿ. ಅಲ್ಲೇ ಒಬ್ಬ ಡಾಕ್ಟರಿಗೂ ತೋರಿಸಲು ಅಣ್ಣನಿಗೆ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ. ಕನ್ನಡದಲ್ಲೇ ಮಾತಾಡುತ್ತಾರೆ.