ಓದೋಕೆ ತಡವರಿಸುವ ಮಗ, ಕತೆಗಾರ ಆಗ್ತೀನಿ ಅಂತಾನೆ

ರಾಜಾಜಿನಗರದಿಂದ, ತಾಯಿ:
ಮಗ ಆರನೇ ಕ್ಲಾಸು. ಒಂದು ಪ್ಯಾರಾ ಓದೋಕೆ ಹತ್ತು ನಿಮಿಷ ಬೇಕು, ಒತ್ತಕ್ಷರ ಬಂದ್ರೆ ನಿಂತೇಬಿಡ್ತಾನೆ. ಆದ್ರೆ ರಾತ್ರಿ ತಂಗಿಗೆ ಕತೆ ಹೇಳೋಕೆ ಶುರು ಮಾಡಿದ್ರೆ ನಾನೇ ಪಾತ್ರೆ ಬಿಟ್ಟು ಬಂದು ಕೂರ್ತೀನಿ. ದೊಡ್ಡವನಾದ್ಮೇಲೆ ಕತೆಗಾರ ಆಗ್ತಾನಂತೆ. ಟೀಚರ್ ಸೋಮಾರಿ ಅಂತಾರೆ. ಹೀಗಿದ್ದು ಬರೆಯೋರಾದವರು ಇದ್ದೀರಾ? ಏನು ಮಾಡಿದ್ರಿ?

ಹನುಮಂತನಗರದಿಂದ:
ಇದ್ದೀನಿ ಮೇಡಂ. ಎರಡು ಕಥಾಸಂಕಲನ ಬಂದಿವೆ, ಇವತ್ತಿಗೂ 'ಸೂರ್ಯ' ಬರೆಯುವಾಗ ಕೈ ತಡೆಯತ್ತೆ. ಬಾಯಲ್ಲಿ 'ರ' ಮೊದಲು, ಕಾಗದದಲ್ಲಿ ಅರ್ಕಾವತ್ತು 'ಯ' ಆದಮೇಲೆ. ಯಾರು ಮಾಡಿದ ವ್ಯವಸ್ಥೆಯೋ! ಉಕ್ತಲೇಖನದ ದಿನ ನನಗೆ ಹೊಟ್ಟೆನೋವು ಬರೋದು, ನಾಟಕ ಅಲ್ಲ, ನಿಜವಾದ ನೋವು. ಒಂದ್ಸಲ 'ಬಸವ' ಅಂದಿದ್ದಕ್ಕೆ 'ಬನಪ' ಅಂತ ಬರೆದಿದ್ದೆ. ಮೇಷ್ಟ್ರು ನೋಟ್‌ಬುಕ್ ಎತ್ತಿ ಕ್ಲಾಸಿಗೆಲ್ಲ ತೋರಿಸಿದ್ರು. ಏಳನೇ ಕ್ಲಾಸಿನವರೆಗೂ ನನ್ನ ಹೆಸರು ಬನಪ.

ನನ್ನನ್ನ ಉಳಿಸಿದ್ದು ಕಿವಿ. ಅಜ್ಜಿ ಗಮಕ ವಾಚನಕ್ಕೆ ಕರ್ಕೊಂಡು ಹೋಗೋರು. ಒಬ್ಬರು ಕುಮಾರವ್ಯಾಸನ ಪದ್ಯ ಹಾಡೋರು, ಇನ್ನೊಬ್ಬರು ಅರ್ಥ ಬಿಡಿಸೋರು. ಷಟ್ಪದಿ ಓದೋಕೆ ಬರ್ತಿರಲಿಲ್ಲ, ಆದ್ರೆ ಮೂರನೇ ಸಾಲು, ಆರನೇ ಸಾಲು ಉದ್ದ ಎಳೀತವೆ ಅನ್ನೋದು ಕಿವಿಗೆ ಗೊತ್ತಿತ್ತು. ಮಾತು ಎಲ್ಲಿ ಉಸಿರು ತಗೋಬೇಕು ಅಂತ ಕಲಿತಿದ್ದು ಅಲ್ಲೇ. ಮೊದಲ ಕತೆ ನಾನು ಹೇಳಿದ್ದು, ಅಕ್ಕ ಬರ್ಕೊಂಡಿದ್ದು. ಈಗ ಮೊಬೈಲಿಗೆ ಹೇಳ್ತೀನಿ, ಕನ್ನಡದಲ್ಲೇ ಟೈಪ್ ಆಗತ್ತೆ. ತಪ್ಪು ತಿದ್ದೋಕೆ ಹೆಂಡತಿ ಇದ್ದಾಳೆ, ಬೈಯೋಕೂ ಅವಳೇ.

ಮಲ್ಲೇಶ್ವರದಿಂದ, ಇನ್ನೊಬ್ಬ ತಾಯಿ:
ಕತೆ ಆಮೇಲೆ. ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಿ. ನನ್ನ ಮಗಳಿಗೆ ಡಿಸ್ಲೆಕ್ಸಿಯಾ ಅಂತ ಗೊತ್ತಾಗಿದ್ದು ಅಲ್ಲೇ. ಒಂದೇ ದಿನಕ್ಕೆ ಮುಗಿಯಲ್ಲ, ಓಡಾಡಬೇಕು. ಇದು ಸೋಮಾರಿತನ ಅಲ್ಲ, ಬುದ್ಧಿ ಕಮ್ಮಿಯೂ ಅಲ್ಲ. ಅಕ್ಷರವನ್ನ ಅದರ ಉಚ್ಚಾರಕ್ಕೆ ಜೋಡಿಸೋದೇ ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರೋ 21 ಅಂಗವೈಕಲ್ಯಗಳಲ್ಲಿ ಈ ಕಲಿಕಾ ನ್ಯೂನತೆಯೂ ಇದೆ. ಸರ್ಟಿಫಿಕೇಟ್ ಇದ್ರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡೋರನ್ನ ಕೇಳಬಹುದು. ಆ ಟೀಚರಿಗೂ ಒಂದು ಕಾಪಿ ಕೊಡಿ.

ಯಶವಂತಪುರದಿಂದ:
ನನ್ನದು ಸ್ವಲ್ಪ ಉಲ್ಟಾ. ಕತೆಗಾರ ಆಗ್ತಾನೆ ಅಂತ ಡೈರಿ ತಂದುಕೊಡಬೇಡಿ. ನಮ್ಮಪ್ಪ ದಿನಾ ಒಂದು ಪುಟ ಬರಿ ಅಂತ ಕೂರಿಸಿದ್ರು, ನಾನು ಮತ್ತೆ ಪೆನ್ನು ಹಿಡಿದಿದ್ದು ಮೂವತ್ತು ದಾಟಿದ್ಮೇಲೆ. ದೊಡ್ಡವರ ಹೆಸರೂ ಹೇಳಬೇಡಿ. ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್‌ಗೂ ಡಿಸ್ಲೆಕ್ಸಿಯಾ ಇತ್ತು, 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು, ನಿಜ. ಹನ್ನೊಂದು ವರ್ಷದ ಹುಡುಗನಿಗೆ ಅದು ಇನ್ನೊಂದು ಹೋಂವರ್ಕು ಅಷ್ಟೇ.

ರಾಜಾಜಿನಗರದಿಂದ:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ನಿಮ್ಹಾನ್ಸ್‌ಗೆ ಹೊರಟಿದ್ದೀವಿ. ರಾತ್ರಿ ಅವನಿಗೆ ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿದೆ. ಮೆಜೆಸ್ಟಿಕ್‌ನಲ್ಲಿ ಕಳೆದುಹೋದ ಆನೆಯ ಕತೆ. ಅದಕ್ಕೆ ಬಸ್ ಬೋರ್ಡ್ ಓದೋಕೆ ಬರಲ್ಲವಂತೆ, ಕಂಡಕ್ಟರನ್ನೇ ಕೇಳತ್ತೆ. ತಂಗಿ ಅರ್ಧಕ್ಕೇ ನಿದ್ದೆ ಹೋದ್ಲು, ಅವನು ನಿಲ್ಲಿಸಲೇ ಇಲ್ಲ.